ಬ್ರೈಲ್ ತಂತ್ರಾಂಶವನ್ನು ಕಿತ್ತೆಸೆಯಬೇಡಿ

ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಆರ್ಡ್ವಿನೊ ಕಲಿಸುವವಳು ನಾನು. ಉಬುಂಟು 22.04 ಇರುವ ಕಂಪ್ಯೂಟರಿಗೆ ಅಗ್ಗದ ಬೋರ್ಡು ಚುಚ್ಚಿದರೆ ಎಷ್ಟೋ ಸಲ ಸೀರಿಯಲ್ ಪೋರ್ಟ್ ಕಾಣಿಸಿದಂತೆ ಮಾಡಿ ಮಾಯವಾಗುತ್ತದೆ. ಡ್ರೈವರ್ ಇಲ್ಲವೆಂದಲ್ಲ, ಇಂಥ ಬೋರ್ಡಿನಲ್ಲಿರುವ ಸಿಎಚ್340 ಚಿಪ್ಪಿನ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಕರ್ನಲ್ ಸಂದೇಶ ಓದಿದರೆ ಕಾರಣ ಸಿಗುತ್ತದೆ: ಅಂಧರ ಬ್ರೈಲ್ ಪರದೆಗಳನ್ನು ನಡೆಸುವ ಬಿಆರ್‌ಎಲ್‌ಟಿಟಿವೈ ಆ ಚಿಪ್ಪನ್ನು ತನ್ನದೆಂದು ಹಿಡಿದಿದೆ. ಚಿಪ್ಪಿನ ಯುಎಸ್‌ಬಿ ಗುರುತು 1ಎ86:7523; ಬ್ರೈಲ್ ಸಾಧನವೊಂದಕ್ಕೂ ಇದೇ ಗುರುತು ಇರುವುದರಿಂದ ಈ ಗೊಂದಲ.

ಬಿಆರ್‌ಎಲ್‌ಟಿಟಿವೈಯನ್ನೇ ತೆಗೆದುಹಾಕಿ ಎನ್ನುತ್ತಾರೆ ಎಲ್ಲರೂ. ನಾನು ಒಪ್ಪಲಾರೆ. ಸ್ವಂತ ಲ್ಯಾಪ್‌ಟಾಪಿನಲ್ಲಿ ಏನಾದರೂ ಮಾಡಿಕೊಳ್ಳಿ, ಲ್ಯಾಬಿನ ಕಂಪ್ಯೂಟರ್ ಎಲ್ಲರದ್ದು. ನಾಳೆ ಕಣ್ಣು ಕಾಣದ ವಿದ್ಯಾರ್ಥಿನಿ ತನ್ನ ಬ್ರೈಲ್ ಪರದೆ ಹಿಡಿದು ಬಂದರೆ ಆ ಯಂತ್ರ ಅವಳ ಪಾಲಿಗೆ ಇದ್ದೂ ಇಲ್ಲದಂತಾಗಬೇಕೇ? ಸಾಧನಗಳನ್ನು ಗುರುತಿಸುವ ಯುಡೆವ್‌ಗೆ ಬಿಆರ್‌ಎಲ್‌ಟಿಟಿವೈ ಕೊಡುವ ನಿಯಮಗಳ ಕಡತದಲ್ಲಿ ಆ ಗುರುತಿನ ಸಾಲಿನ ಮುಂದೆ # ಹಾಕಿ ಅದನ್ನು ನಿಷ್ಕ್ರಿಯಗೊಳಿಸಿದರೆ ಸಾಕು. ಆ ಒಂದು ಸಾಧನ ಬಿಟ್ಟು ಉಳಿದ ಬ್ರೈಲ್ ಪರದೆಗಳೆಲ್ಲ ಎಂದಿನಂತೆ ನಡೆಯುತ್ತವೆ.

ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಮಾತು: ಮೂಲ ಕಡತ ತಿದ್ದಬೇಡಿ. /etc ಒಳಗಿನ ಯುಡೆವ್ ನಿಯಮಗಳ ಫೋಲ್ಡರಿಗೆ ಅದೇ ಹೆಸರಿನ ಪ್ರತಿ ಹಾಕಿ ಅಲ್ಲಿ ತಿದ್ದಿ. ಇಲ್ಲವಾದರೆ ಅಪ್‌ಡೇಟ್ ಬಂದಾಗ ಆ ಸಾಲು ಮತ್ತೆ ಬರಬಹುದು.