ಮೊದಲು ನದಿ, ಆಮೇಲೆ ರಾಜ

ಕಲ್ಪನೆಯ ಲೋಕವೊಂದರ ನಕ್ಷೆ ಬಿಡಿಸಿ ಎಂದರೆ ನಮ್ಮ ಕೈ ಮೊದಲು ಎಳೆಯುವುದು ಏನು ಗೊತ್ತೇ? ಹಿಮ ಹೊದ್ದ ಬೆಟ್ಟ, ಪೈನ್ ಕಾಡು, ಮೂಲೆಯಲ್ಲೊಂದು ಚೂಪು ಗೋಪುರದ ಕೋಟೆ. ಹಿಮವನ್ನು ಸಿನಿಮಾದಲ್ಲಷ್ಟೇ ಕಂಡವರೂ ಬಿಡಿಸುವುದು ಅದನ್ನೇ. ರೋಲ್‌ಪ್ಲೇಯಿಂಗ್ ಆಟ ಕಟ್ಟುವ ಗೆಳೆಯರ ನೋಟ್‌ಬುಕ್‌ಗಳಲ್ಲಿ ಇಂಥ ನಕ್ಷೆಗಳನ್ನು ನೋಡಿ ನೋಡಿ ನನ್ನದೊಂದು ತಕರಾರು ಹುಟ್ಟಿಕೊಂಡಿದೆ. ಕಾಲ ಕೆಳಗೇ ಇಷ್ಟೊಂದು ನೆಲ ಇರುವಾಗ ಬೆಟ್ಟವನ್ನು ಸಾಲ ತರುವುದು ಯಾಕೆ?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಬಂತು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ಏಟು ಬಿತ್ತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಪುಸ್ತಕದಲ್ಲಿರುವ ಲೋಕವನ್ನೇ ಆಡಬೇಕೆಂದಿಲ್ಲ, ನಮ್ಮದನ್ನೇ ಕಟ್ಟಿಕೊಳ್ಳಬಹುದು. ಖರ್ಚು ಒಂದು ಹಾಳೆ, ಒಂದು ಪೆನ್ಸಿಲ್, ಒಂದು ಒಳ್ಳೆಯ ರಬ್ಬರ್.

ಈ ನಕ್ಷೆ ಬರೀ ಅಲಂಕಾರವಲ್ಲ. ಆರ್.ಎಲ್. ಸ್ಟೀವನ್‌ಸನ್ 1881ರಲ್ಲಿ ಮಲಮಗನ ಜೊತೆ ಸುಮ್ಮನೆ ಒಂದು ದ್ವೀಪದ ಚಿತ್ರ ಬಿಡಿಸಿದ್ದೇ ‘ಟ್ರೆಷರ್ ಐಲೆಂಡ್’ ಆಯಿತು. ತಮಾಷೆಯೆಂದರೆ ಆ ಮೂಲ ನಕ್ಷೆ ಪ್ರಕಾಶಕರ ಕೈ ಸೇರಲೇ ಇಲ್ಲ. ಪಾಪ, ಕಥೆಯನ್ನು ಮತ್ತೆ ಓದಿ, ಅದರಲ್ಲಿ ಬರುವ ಜಾಗಗಳನ್ನೆಲ್ಲ ಪಟ್ಟಿ ಮಾಡಿ ಇನ್ನೊಂದನ್ನು ಹೊಂದಿಸಬೇಕಾಯಿತು. ನಕ್ಷೆಯಿಂದ ಕಥೆ ಹುಟ್ಟಿಸುವುದಕ್ಕಿಂತ ಕಥೆಗೆ ನಕ್ಷೆ ಹೊಂದಿಸುವುದು ಎಷ್ಟೋ ಕಷ್ಟದ ಕೆಲಸ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಬಹಳ ಜನ ರಾಜಧಾನಿಯಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ನೀರಿನಿಂದ. ಕೃಷ್ಣೆಯನ್ನೇ ನೋಡಿ. ಆಕೆ ಹುಟ್ಟುವ ಮಹಾಬಳೇಶ್ವರದಿಂದ ಅರಬ್ಬಿ ಸಮುದ್ರ ಸುಮಾರು 65 ಕಿ.ಮೀ. ಅಷ್ಟೇ. ಆದರೂ ಅದಕ್ಕೆ ಬೆನ್ನು ತಿರುಗಿಸಿ ಸುಮಾರು 1,400 ಕಿ.ಮೀ. ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ನದಿ ದೂರ ನೋಡುವುದಿಲ್ಲ, ಇಳಿಜಾರು ನೋಡುತ್ತದೆ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರಿದ ಹಾಗೆ ನದಿಗಳು ಸೇರುತ್ತವೆ. ಆದರೆ ನಮ್ಮ ನಕ್ಷೆಗಳಲ್ಲಿ ಮರದ ಕೊಂಬೆಯಂತೆ ಸಿಕ್ಕಸಿಕ್ಕಲ್ಲಿ ಕವಲೊಡೆಯುತ್ತಿರುತ್ತವೆ. ಸಮುದ್ರದ ಬಳಿ ಬಿಟ್ಟರೆ ನಿಜವಾದ ನದಿ ಹಾಗೆ ಒಡೆಯುವುದು ಅಪರೂಪ. ಒಡೆದರೂ ಕಾವೇರಿಯ ಹಾಗೆ ಮತ್ತೆ ಕೂಡಿಕೊಂಡು, ನಡುವೆ ಶ್ರೀರಂಗಪಟ್ಟಣದಂಥ ದ್ವೀಪ ಬಿಡುತ್ತದೆ. ಸುತ್ತ ನೀರಿರುವ ಅಂಥ ಜಾಗವನ್ನು ಯಾವ ರಾಜ ತಾನೇ ಬಿಟ್ಟಾನು? ರಾಜಧಾನಿ ಎಲ್ಲಿರಬೇಕೆಂದು ನದಿಯೇ ಹೇಳಿತು.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಅದೇ ಗಾಳಿ ಘಟ್ಟ ದಾಟಿ ಚಳ್ಳಕೆರೆ ಸೀಮೆಗೆ ಬರುವಷ್ಟರಲ್ಲಿ ಉಳಿಯುವುದು 500ರ ಆಸುಪಾಸು. ಒಂದು ಕಡೆ ಅಡಿಕೆ, ಇಳಿಜಾರು ಹೆಂಚಿನ ಮನೆ, ಇಂಬಳ. ಇನ್ನೊಂದು ಕಡೆ ಶೇಂಗಾ, ಕುರಿಮಂದೆ, ಕಂಬಳಿ. ಹಾಳೆಯ ಮೇಲೆ ಬೆಟ್ಟದ ಒಂದು ಗೆರೆ ಎಳೆದರೆ ಸಾಕು, ಎರಡು ನಾಡು ತಾವಾಗಿಯೇ ಹುಟ್ಟುತ್ತವೆ. ಅವು ಯಾವುದಕ್ಕೆ ಜಗಳವಾಡುತ್ತವೆ? ಕರಾವಳಿಯ ಉಪ್ಪು ಮೇಲೆ ಬರಬೇಕು, ಮಲೆನಾಡಿನ ಕಾಳುಮೆಣಸು ಬಂದರಿಗೆ ಇಳಿಯಬೇಕು. ನಡುವೆ ಇರುವುದು ಒಂದೇ ಘಾಟಿ. ಆ ಘಾಟಿ ಯಾರದ್ದು? ಹದಿನಾರನೇ ಶತಮಾನದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ಇದಕ್ಕಿಂತ ಒಳ್ಳೆಯ ಆಟದ ಕಥೆಯನ್ನು ಡ್ರ್ಯಾಗನ್ ಕೊಡುತ್ತದೆಯೇ? ಬೇಕಿದ್ದರೆ ಘಾಟಿಯಲ್ಲಿ ಡ್ರ್ಯಾಗನ್ನನ್ನೂ ಕೂರಿಸಿ, ನನ್ನ ಅಡ್ಡಿಯಿಲ್ಲ.

ಟೋಲ್ಕಿನ್ ಓದಬೇಡಿ ಎನ್ನುತ್ತಿಲ್ಲ. ಆತನ ಶೈರ್ ಎಂಬ ಹಸಿರು ನಾಡು ಆತ ಬಾಲ್ಯ ಕಳೆದ ಇಂಗ್ಲೆಂಡಿನ ಹಳ್ಳಿಗಾಡಿನಿಂದಲೇ ಬಂದದ್ದು. ಆತ ತನ್ನ ಊರನ್ನು ನೋಡಿ ಬರೆದ, ನಾವು ಆತನ ಊರನ್ನು ನೋಡಿ ಬರೆಯುತ್ತಿದ್ದೇವೆ. ನಕ್ಷೆ ಬಿಡಿಸುವ ಆ್ಯಪ್‌ಗಳಲ್ಲಿ ಸಿದ್ಧ ಚಿತ್ರಗಳು ಸಿಗುವುದರಿಂದ ಇದು ಇನ್ನೂ ಸಲೀಸು. ಅದಕ್ಕೇ ಮೊದಲ ನಕ್ಷೆಯಾದರೂ ಕೈಯಲ್ಲಿ ಇರಲಿ.

ಹಳ್ಳಿಯಿಂದ ಬಂದು ಹಾಸ್ಟೆಲ್ ಸೇರಿದವರಿಗೆ ಈ ಮಾತು ಮುಖ್ಯ. ಯಾವ ಕೆರೆ ಕೋಡಿ ಬಿದ್ದರೆ ನೀರು ಯಾವ ಕೆರೆಗೆ ಹೋಗುತ್ತದೆ, ಯಾವ ಹಳ್ಳ ಬೇಸಿಗೆಯಲ್ಲೂ ಬತ್ತುವುದಿಲ್ಲ, ಸಂತೆ ಆ ಊರಲ್ಲೇ ಯಾಕೆ ಸೇರುತ್ತದೆ – ಇದೆಲ್ಲ ನಿಮಗೆ ಗೊತ್ತು. ರೆಸ್ಯೂಮೆಯಲ್ಲಿ ಇದನ್ನು ಬರೆಯಲು ಯಾವ ಕಾಲಮ್ಮೂ ಇಲ್ಲ, ಇಂಗ್ಲಿಷ್ ಚೆನ್ನಾಗಿ ಮಾತಾಡುವ ಗೆಳೆಯರ ನಡುವೆ ಇದನ್ನು ಜ್ಞಾನ ಅಂತಲೂ ನಾವು ಎಣಿಸುವುದಿಲ್ಲ. ಆಟದ ಮೇಜಿನ ಮುಂದೆ ಮಾತ್ರ ಇಂಥವರೇ ಬೇಕು. ಹೆಸರುಗಳೂ ಅಷ್ಟೇ. ‘ಎಲ್ಡೋರಿಯಾ’ ಎಂದರೆ ಏನೂ ಕಾಣುವುದಿಲ್ಲ. ‘ಸುಂಕದಕಟ್ಟೆ’ ಎನ್ನಿ, ಕಟ್ಟೆಯ ಮೇಲೆ ಕುಳಿತ ಸುಂಕದವನು, ಕತ್ತಲಲ್ಲಿ ಅವನ ಕಣ್ಣು ತಪ್ಪಿಸಿ ಎತ್ತಿನಗಾಡಿ ಹೊಡೆಯುವವನು ಇಬ್ಬರೂ ಕಣ್ಣ ಮುಂದೆ ಬರುತ್ತಾರೆ.

ಪರೀಕ್ಷೆಗೆ ಓದುವವರು ಇದರಿಂದ ಏನು ಲಾಭ ಎಂದು ಕೇಳಬಹುದು. ಕೆಲಸ ಸಿಗುತ್ತದೆ ಎಂದು ಸುಳ್ಳು ಹೇಳಲಾರೆ. ಮಳೆನೆರಳು ಪ್ರದೇಶ ಎಂಬ ಎರಡು ಅಂಕದ ಪ್ರಶ್ನೆಯನ್ನು ಆಮೇಲೆ ಬಾಯಿಪಾಠ ಮಾಡಬೇಕಿಲ್ಲ, ಅಷ್ಟು ಖಾತ್ರಿ.

ಇನ್ನೆರಡು ಸಣ್ಣ ಸಲಹೆ. ಅಳತೆಯನ್ನು ಕಿಲೋಮೀಟರಿನಲ್ಲಿ ಇಡಬೇಡಿ, ಒಂದು ದಿನದ ನಡಿಗೆಯಲ್ಲಿ ಇಡಿ. ರಾತ್ರಿ ಎಲ್ಲಿ ತಂಗುವುದು ಎಂಬ ಪ್ರಶ್ನೆಯಿಂದಲೇ ಅರ್ಧ ಆಟ ನಡೆಯುತ್ತದೆ. ಮತ್ತೆ, ಹಾಳೆಯ ಕಾಲು ಭಾಗವನ್ನು ಖಾಲಿ ಬಿಡಿ. ಆಡಲು ಕೂತವರು ಮೊದಲು ಬೆರಳಿಟ್ಟು ‘ಇಲ್ಲಿ ಏನಿದೆ?’ ಎಂದು ಕೇಳುವುದು ಆ ಜಾಗದ ಬಗ್ಗೆಯೇ.