ಕಡ ತಂದ ನೂಲು

ಬಾಲ್ಯದ ನೆನಪುಗಳನ್ನು ಬರೆಯಬೇಕೆಂದು ಕೆಲವು ಓದುಗ ಬಂಧುಗಳು ಕೇಳಿದ್ದಾರೆ. ಹೇಳಿಕೊಳ್ಳುವಂಥ ಸಾಹಸವೇನೂ ನನ್ನ ಬಾಲ್ಯದಲ್ಲಿಲ್ಲ. ಆದರೆ ಏಳನೆಯ ವಯಸ್ಸಿನಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಅದನ್ನು ನಮ್ಮ ಆಯಿ ತಿದ್ದಿದ ರೀತಿಯನ್ನೂ ಇಂದಿಗೂ ಮರೆಯಲಾಗಿಲ್ಲ. ಈ ತಿಂಗಳು ಅದನ್ನೇ ನಿವೇದಿಸುತ್ತೇನೆ.

ನಮ್ಮದು ರೋಣದ ಕಡೆಯ ಎರೆಭೂಮಿಯ ಹಳ್ಳಿ. ಆಗ ಅದು ಧಾರವಾಡ ಜಿಲ್ಲೆ; 1997ರಿಂದ ಗದಗ ಜಿಲ್ಲೆ. ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದೊಡನೆ ಎತ್ತು, ಆಕಳುಗಳನ್ನು ಕಟ್ಟುವ ಜಾಗ. ಅದಕ್ಕಿಂತ ಎತ್ತರದಲ್ಲಿ ಪಡಸಾಲೆ. ಅದರಾಚೆ ಅಡುಗೆಮನೆ ಮತ್ತು ದೇವರ ಜಗುಲಿ. ಒಳಗೆ ಬೆಳಕು ಬೀಳುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ. ಕೋಳಿ ಕೂಗುವ ಹೊತ್ತಿಗೆ ಅವ್ವ ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದಳು. ಎದುರಿನ ನೇಕಾರರ ಮನೆಯಿಂದ ಕುಣಿಮಗ್ಗದ ಸದ್ದು ಕೇಳಿಬರುತ್ತಿತ್ತು. ಈ ಎರಡು ಸದ್ದುಗಳಿಂದಲೇ ನನಗೆ ಬೆಳಗಾಗುತ್ತಿತ್ತು.

1965ರಲ್ಲಿ ದೇಶದ ಬಹುಭಾಗದಲ್ಲಿ ಮಳೆ ಕೈಕೊಟ್ಟಿತು, 1966ರಲ್ಲಿಯೂ ಸಾಲಲಿಲ್ಲ. ಅಮೆರಿಕದಿಂದ ಹಡಗುಗಳಲ್ಲಿ ಗೋಧಿ, ಕೆಂಪು ಜೋಳ ಬಂದ ಕಾಲವದು. ಉಣ್ಣಲು ಕಾಳಿಲ್ಲದವರು ಸೀರೆ ಕೊಳ್ಳುವುದೆಲ್ಲಿಂದ? ಎದುರುಮನೆಯ ಮಗ್ಗದ ಸದ್ದು ನಿಂತುಹೋಯಿತು.

ನಮ್ಮ ಅಂಗಳದಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ತೋಡಿದ ಈ ಕಣಜಕ್ಕೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಪ್ರಾಣ ತೆಗೆಯುತ್ತಿತ್ತು. ಆ ಬೇಸಿಗೆಯಲ್ಲಿ ಹಗೇವು ತೆರೆಸಿದ ಆಯಿ, ದಿನವೂ ಸಂಜೆ ಕತ್ತಲಾದ ಮೇಲೆ ಬುಟ್ಟಿಯಲ್ಲಿ ಒಂದು ಸೇರು ಜೋಳ ಹಾಕಿ, ಮೇಲೆ ಬಟ್ಟೆ ಹೊದಿಸಿ, ನನ್ನ ಕೈಯಲ್ಲಿ ನೇಕಾರರ ಮನೆಯ ಹಿತ್ತಲ ಬಾಗಿಲಿಗೆ ಕಳಿಸುತ್ತಿದ್ದಳು. ಕತ್ತಲೇಕೆ, ಬಟ್ಟೆಯೇಕೆ, ಹಿತ್ತಲ ಬಾಗಿಲೇಕೆ ಎಂಬುದು ನನಗೆ ತಿಳಿದಿರಲಿಲ್ಲ.

ಒಂದು ದಿನ ಗೋಲಿಯಾಟದಲ್ಲಿ ಆ ಮನೆಯ ಹುಡುಗನಿಗೂ ನನಗೂ ಜಗಳವಾಯಿತು. ಸೋತ ಸಿಟ್ಟಿನಲ್ಲಿ ಓಣಿಯವರೆಲ್ಲ ಕೇಳುವಂತೆ, "ನೀ ಉಣ್ಣೂದು ನಮ್ಮ ಮನೀ ಜ್ವಾಳ" ಎಂದುಬಿಟ್ಟೆ. ಅವನು ಮಾತನಾಡಲಿಲ್ಲ. ಗೋಲಿಗಳನ್ನು ಅಲ್ಲಿಯೇ ಬಿಟ್ಟು ಮನೆಗೆ ಹೋದ.

ಅಂದು ಸಂಜೆ ಆ ಮನೆಯ ಕಾಕು ಬುಟ್ಟಿಯನ್ನು ಮುಟ್ಟಲಿಲ್ಲ. "ಮನ್ಯಾಗ ಐತೆಪಾ, ಬ್ಯಾಡ" ಎಂದು ಬಾಗಿಲು ಮುಚ್ಚಿದಳು. ಮರುದಿನವೂ ಹಾಗೆಯೇ. ಎರಡು ದಿನ ಅವರ ಮನೆಯಿಂದ ಹೊಗೆ ಏಳಲಿಲ್ಲ. ಆಯಿ ಕೇಳಿದಾಗ ಅಳುತ್ತ ಎಲ್ಲವನ್ನೂ ಹೇಳಿದೆ. ಆಕೆ ಹೊಡೆಯಲಿಲ್ಲ, ಬೈಯಲಿಲ್ಲ. ಆದರೆ ಆ ರಾತ್ರಿ ಆಕೆ ಊಟ ಮಾಡಲಿಲ್ಲ.

ಬೆಳಗಾಗುತ್ತಲೇ ನನ್ನ ಕೈ ಹಿಡಿದು, ಎಲ್ಲರೂ ಕಾಣುವಂತೆ, ನೇಕಾರರ ಮನೆಯ ಮುಂಬಾಗಿಲಿಗೆ ಹೋದಳು. "ತಂಗೆವ್ವಾ, ಕೌದಿ ಹೊಲ್ಯಾಕ ಕುಂತೀನಿ, ದಾರ ಸಾಲವಲ್ದು. ಮಿಕ್ಕ ನೂಲಿದ್ರ ಒಂದು ಲಡಿ ಕಡಾ ಕೊಡವ್ವಾ" ಎಂದಳು. ಕಾಕು ಒಂದು ಗಳಿಗೆ ಸುಮ್ಮನೆ ನಿಂತಳು. ಬಳಿಕ ಒಳಗಿನಿಂದ ನೂಲು ತಂದು ನನ್ನ ಕೈಗಿತ್ತಳು. ನಮ್ಮನ್ನು ಕೂಡಿಸಿ ನೀರು ಕೊಟ್ಟಳು. ಹೊರಗೆ ಬಂದ ಮೇಲೆ ಆಯಿ ಹೇಳಿದ್ದು ಇಷ್ಟೇ: "ನಾವೂ ಅವರ ಕಡಾ ತಂದೇವಿ. ಇನ್ನ ಯಾರು ದೊಡ್ಡವರು, ಯಾರು ಸಣ್ಣವರು?" ಆ ಸಂಜೆ ಬುಟ್ಟಿ ಬರಿದಾಗಿ ಮರಳಿತು.

ಕೆಲವು ವರ್ಷಗಳ ಬಳಿಕ ನಾನು ವಿದ್ಯಾಭ್ಯಾಸಕ್ಕಾಗಿ ಮಠ ಸೇರಿದೆ. ಆ ಕೌದಿಯೇ ನನ್ನ ಹಾಸಿಗೆಯಾಗಿತ್ತು. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ, ದಾಸೋಹದಲ್ಲಿ ಕೊಡುವವನೇ ಸೇವಕನಾಗುತ್ತಾನೆ ಎಂದು ಗುರುಗಳು ಬೋಧಿಸಿದಾಗ ಉಳಿದ ವಿದ್ಯಾರ್ಥಿಗಳು ಅನೇಕ ಪ್ರಶ್ನೆಗಳನ್ನು ಕೇಳಿದರು. ನನಗೆ ಕೇಳುವಂಥದ್ದೇನೂ ಇರಲಿಲ್ಲ. ಅಕ್ಷರ ಬಾರದ ಆಯಿ ಆ ಪಾಠವನ್ನು ಆಗಲೇ ಮುಗಿಸಿದ್ದಳು.

ಈಗ ಹಗೇವುಗಳು ಮುಚ್ಚಿಹೋಗಿವೆ. ಪಡಿತರದ ಧಾನ್ಯ ಮನೆಮನೆಗೆ ದೊರೆಯುತ್ತದೆ. ಅದು ಸಂತೋಷದ ಸಂಗತಿ. ನಾವೂ ಜಾತ್ರೆ, ಉತ್ಸವಗಳಲ್ಲಿ ಧಾರಾಳವಾಗಿ ಕೊಡುತ್ತೇವೆ. ಆದರೆ ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿಸುತ್ತೇವೆ, ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಓಣಿಯಲ್ಲಿ ನಿಂತು ನಾನು ಕೂಗಿದ ಮಾತಿಗೂ ಇದಕ್ಕೂ ಎಷ್ಟು ಅಂತರವೆಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ತಾಯಂದಿರಲ್ಲಿ ಒಂದು ಬಿನ್ನಹ. ಮಗುವಿನ ಕೈಯಲ್ಲಿ ನೆರೆಮನೆಗೆ ಏನನ್ನಾದರೂ ಕಳಿಸಿದಾಗ, ಅಲ್ಲಿಂದಲೂ ಏನನ್ನಾದರೂ ಕೇಳಿ ತರಲು ಹೇಳಿರಿ. ಕೊಡುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಕೇಳುವುದನ್ನು ನಾವೇ ಕಲಿಸಬೇಕು.