ರೆಸಾರ್ಟ್ ಬ್ಯಾಡ್ರಿ, ಚಿಲಕ ಇರೋ ಒಂದು ಕೋಣೆ ಕಟ್ಟಿಸ್ರಿ

ಇದನ್ನ ಬರೀಬೇಕೋ ಬೇಡವೋ ಅಂತ ಬಹಳ ದಿನ ಯೋಚನೆ ಮಾಡಿದೆ. ಊರಿನ ಮರ್ಯಾದೆ ಪ್ರಶ್ನೆ ನೋಡಿ. ಆದ್ರೆ ಮೊನ್ನೆ ಬ್ಲಾಗ್ ಗೆಳೆಯರೊಬ್ಬರು ಗೋಕಾಕ ಫಾಲ್ಸಿನ ಫೋಟೋ ಹಾಕಿ, ಕುಟುಂಬ ಸಮೇತ ಹೋಗಿಬನ್ನಿ ಅಂತ ಬರೆದಿದ್ದು ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ.

2024ರ ಜನವರಿ 26 ಶುಕ್ರವಾರ ಬಂದಿತ್ತು. ಮರುದಿನ ನಾಲ್ಕನೇ ಶನಿವಾರ, ಆಮೇಲೆ ಭಾನುವಾರ. ಮೂರು ದಿನ ರಜೆ! ನಾನಾಗ ಬೆಳಗಾವಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದೆ. ನಮ್ಮ ಗುಂಪಿನ ಹುಡುಗಿಯೊಬ್ಬಳ ಅಕ್ಕ ದುಬೈನಲ್ಲಿ ಓದುತ್ತಾಳೆ. ಅವಳು ಗೆಳತಿಯರ ಜೊತೆ ವೀಕೆಂಡಿಗೆ ಹೋಗಿದ್ದ ರೆಸಾರ್ಟಿನ ಫೋಟೋಗಳು ಗುಂಪಿಗೆ ಬಂದು ಬಿದ್ದವು. ಹಿಂದೆ ಮರಳುಗಾಡು, ಮುಂದೆ ನೀಲಿ ಸಮುದ್ರ, ನಡುವೆ ಈಜುಕೊಳ. ಅದನ್ನ ನೋಡಿದ್ದೇ ನಮ್ಮವರಿಗೂ ರೆಸಾರ್ಟ್ ಹುಚ್ಚು ಹಿಡೀತು. ಗೋವಾ ಅಂದ್ರು, ಗೋಕರ್ಣ ಅಂದ್ರು. ಎಲ್ಲರ ಜೇಬು ಸೇರಿಸಿ ಲೆಕ್ಕ ಹಾಕಿದಾಗ ಬಂದಿದ್ದು ಧುಪದಾಳ :) ಅಂದ್ರೆ ನಮ್ಮನೆ. ಊಟ ಫ್ರೀ, ವಸತಿ ಫ್ರೀ, ಅವ್ವನ ಬೈಗುಳವೂ ಫ್ರೀ.

ಆರು ಜನ ಘಟಪ್ರಭಾದಲ್ಲಿ ರೈಲು ಇಳಿದ್ವಿ. ನಾಲ್ಕು ಹುಡುಗರು, ಇಬ್ಬರು ಹುಡುಗಿಯರು. ಮರುದಿನ ಬೆಳಿಗ್ಗೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಸಿಕೊಂಡು ಹಿನ್ನೀರಿನ ದಂಡೆಗೆ ಹೋದ್ವಿ. ಗೊತ್ತಿಲ್ಲದವರಿಗೆ ಹೇಳ್ತೀನಿ: ನಮ್ಮೂರಲ್ಲಿ ಘಟಪ್ರಭೆಗೆ ಅಡ್ಡಲಾಗಿ ಬ್ರಿಟಿಷರ ಕಾಲದ ಒಡ್ಡು ಇದೆ, ಕಾಲುವೆಗೆ ನೀರು ತಿರುಗಿಸೋಕೆ ಹತ್ತೊಂಬತ್ತನೇ ಶತಮಾನದಲ್ಲಿ ಕಟ್ಟಿದ್ದು. ಅದರ ಹಿನ್ನೀರಿನ ಸುತ್ತಲೇ 1974ರಲ್ಲಿ ಘೋಷಣೆಯಾದ ಪಕ್ಷಿಧಾಮ. ಚಳಿಗಾಲದಲ್ಲಿ ಡೆಮೊಸೆಲ್ ಕ್ರೇನ್ ಅನ್ನೋ ಕೊಕ್ಕರೆ ಜಾತಿಯ ಹಕ್ಕಿ ದೂರದ ಮಧ್ಯ ಏಷ್ಯಾ ಕಡೆಯಿಂದ ಹಾರಿ ಬರುತ್ತೆ. ಮೈಸೂರಿನ ನನ್ನ ಗೆಳೆಯ ರಂಗನತಿಟ್ಟು ಬಿಟ್ರೆ ಬೇರೆ ಪಕ್ಷಿಧಾಮ ಇಲ್ಲ ಅಂದ್ಕೊಂಡಿದ್ದ. ಅವತ್ತು ಬಾಯಿ ಮುಚ್ಚಿಕೊಂಡು ಕೂತ.

ಮಧ್ಯಾಹ್ನ ಊಟಕ್ಕೆ ಕೂತಾಗ ನೋಡಿದೆ, ಹುಡುಗಿಯರಿಬ್ಬರ ನೀರಿನ ಬಾಟಲಿ ಬೆಳಿಗ್ಗೆ ತುಂಬಿಸಿದ ಹಾಗೇ ಇದೆ. ಖಾರದ ಚಟ್ನಿ ತಿಂದೂ ಒಂದು ಗುಟುಕು ನೀರು ಕುಡೀತಿಲ್ಲ. ಯಾಕೆ ಅಂತ ನಾನು ಮಂಕನ ಹಾಗೆ ಕೇಳಿದೆ! ಒಬ್ಬಳು ನನ್ನನ್ನೇ ದುರುಗುಟ್ಟಿ ನೋಡಿ, "ಕುಡಿದ್ರೆ ಎಲ್ಲಿಗೆ ಹೋಗ್ಲಿ, ನೀನೇ ಹೇಳು" ಅಂದಳು. ನಾವು ಕೂತಿದ್ದ ದಂಡೆಯ ಹತ್ತಿರ ಶೌಚಾಲಯ ಅನ್ನೋದು ಇರಲಿಲ್ಲ. ಇಪ್ಪತ್ತು ವರ್ಷ ಅದೇ ದಂಡೆಯಲ್ಲಿ ಓಡಾಡಿದವನು ನಾನು. ಒಂದು ದಿನವೂ ಅದು ನನ್ನ ತಲೆಗೆ ಬಂದಿರಲಿಲ್ಲ.

ಅಷ್ಟರಲ್ಲಿ ಎಮ್ಮೆ ಹೊಡೆದುಕೊಂಡು ಹಿರಿಯರೊಬ್ಬರು ಬಂದ್ರು. "ಯಾವೂರವರಪಾ ನೀವು? ಇದನ್ನ ಗೋವಾ ಅಂತ ತಿಳ್ಕೊಂಡೀರೇನು? ಏಳ್ರಿ, ಎದ್ದು ಹೋಗ್ರಿ!"

"ನಾ ಇದೇ ಊರಾಂವರೀ ಅಜ್ಜಾರ."

"ಹಂಗಾರ ನಿನಗ ಮದಲ ನಾಚಿಕೀ ಬರಬೇಕು."

ಅವರ ಸಿಟ್ಟು ಸುಳ್ಳಲ್ಲ. ಸ್ವಲ್ಪ ದೂರದಲ್ಲಿ ಇನ್ನೊಂದು ಗುಂಪು ಡಬ್ಬದಂಥ ಸ್ಪೀಕರ್ ಹಚ್ಚಿ, ಬಿಯರ್ ಬಾಟಲಿಗಳನ್ನ ಕಲ್ಲಿಗೆ ಕುಟ್ಟಿ ಒಡೀತಿತ್ತು. ಅದೇ ಗಾಜು ನಾಳೆ ಅವರ ಎಮ್ಮೆಯ ಗೊರಸಿನಲ್ಲಿ ಇರುತ್ತೆ. ಮೋಜು ಮಾಡೋಕೆ ಬಂದು ಊರವರ ನೆಲಕ್ಕೆ ಗಾಜು ಬಿತ್ತಿ ಹೋಗೋರ ಪರವಾಗಿ ನಾನು ಒಂದಕ್ಷರ ಬರೆಯಲ್ಲ.

ಆದ್ರೆ ಅದಕ್ಕೆ ನಮ್ಮ ಹಿರಿಯರ ಹತ್ತಿರ ಇರೋ ಮದ್ದು ಎರಡೇ. ಒಂದು, ಬೋರ್ಡು. ಈಜಬೇಡಿ, ಕೂರಬೇಡಿ, ಬರಲೇಬೇಡಿ. ಇನ್ನೊಂದು, ಖಾಸಗಿಯವರಿಗೆ ಕೊಟ್ಟು ರೆಸಾರ್ಟ್ ಮಾಡಿಸೋದು. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇದನ್ನ ಎಷ್ಟು ಸಲ ಕೇಳಿದೀನೋ! ಬೇಲಿ ಹಾಕಿದ ಮೇಲೆ ದುಡ್ಡಿದ್ದವರು ಒಳಗೆ, ನಾನೂ ಆ ಅಜ್ಜಾರೂ ಅವರ ಎಮ್ಮೆಯೂ ಹೊರಗೆ.

ಬೋರ್ಡಿನ ವಿಷಯವನ್ನೇ ತಗೊಳ್ಳಿ. ಒಡ್ಡಿನ ಮೇಲಿಂದ ಬಿದ್ದ ನೀರು ಬುಡದಲ್ಲಿ ಸುರುಳಿಯಾಗಿ ಹಿಂದಕ್ಕೇ ತಿರುಗುತ್ತೆ. ಮೇಲೆ ನೋಡೋಕೆ ಶಾಂತ. ಒಳಗೆ ಸಿಕ್ಕವನನ್ನ ಒಡ್ಡಿನ ಕಡೆಗೇ ಎಳೀತಾ ಇರುತ್ತೆ, ಒಳ್ಳೇ ಈಜುಗಾರನಿಗೂ ಬಿಡಿಸಿಕೊಳ್ಳೋದು ಕಷ್ಟ. ಮೇಲೆ ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟರೆ ಇಲ್ಲಿ ಮಳೆಯೇ ಇಲ್ಲದಿದ್ರೂ ಹೊಳೆ ಏರುತ್ತೆ. ಬರೀ "ಅಪಾಯ" ಅಂತ ಕೆಂಪಕ್ಷರದಲ್ಲಿ ಬರೆದ್ರೆ ಬೆಂಗಳೂರಿನ ಹುಡುಗನಿಗೆ ಇದರಲ್ಲಿ ಏನು ತಿಳಿಯುತ್ತೆ? ಯಾಕೆ ಅಪಾಯ, ಎಲ್ಲಿಯವರೆಗೆ ಹೋಗಬಹುದು ಅಂತ ಹೇಳೋನು ಒಬ್ಬ ಬೇಕು. ಒಂದು ಹಗ್ಗ, ಒಂದು ಟ್ಯೂಬು ಕೈಗೆ ಸಿಗೋ ಹಾಗೆ ಇರಬೇಕು. ನಮ್ಮೂರ ಕಡೆ ಹೊಳೆಯ ನಾಡಿ ಬಲ್ಲ ಈಜುಗಾರರಿಗೆ ಬರವಿಲ್ಲ, ರಜೆ ದಿನಕ್ಕೆ ಕೂಲಿ ಕೊಟ್ಟು ಕೂರಿಸಿದ್ರೆ ಸಾಕು.

ಇನ್ನು ದುಬೈ ಅಕ್ಕನ ಮಾತು. ಆಮೇಲೆ ಫೋನಿನಲ್ಲಿ ಕೇಳಿದಾಗ ಅವಳು ನಕ್ಕಳು. ಅವರು ರೆಸಾರ್ಟಿನಲ್ಲಿದ್ದದ್ದು ಒಂದೇ ರಾತ್ರಿ, ಅದೂ ಆರು ಜನ ದುಡ್ಡು ಹಾಕಿ. ಉಳಿದ ವೀಕೆಂಡೆಲ್ಲ ಕೈಟ್ ಬೀಚ್ ಅನ್ನೋ ಪುಕ್ಕಟೆ ಬೀಚಿನಲ್ಲಿ ಕಳೀತಾರಂತೆ. ಅಲ್ಲಿ ಸ್ನಾನಕ್ಕೆ ಷವರ್ ಇದೆ, ಶೌಚಾಲಯ ಇದೆ, ನೀರಿಗಿಳಿದವರ ಮೇಲೆ ಕಣ್ಣಿಡೋಕೆ ಜೀವರಕ್ಷಕರಿದ್ದಾರೆ. ವರ್ಷವಿಡೀ ಹರಿಯೋ ಒಂದೇ ಒಂದು ನದಿ ಇಲ್ಲದ ದೇಶ ಅದು, ಕುಡಿಯೋ ನೀರಿಗೂ ಬಹುಪಾಲು ಸಮುದ್ರದ ಉಪ್ಪು ತೆಗೀಬೇಕು. ಅಂಥವರು ದಂಡೆಯಲ್ಲಿ ಸಾರ್ವಜನಿಕರಿಗೆ ನಲ್ಲಿ ಹಾಕ್ಸಿದ್ದಾರೆ. (ಹಾಕಿದ ಕೈಗಳು ನಮ್ಮ ದೇಶದ ಕೂಲಿಗಳದ್ದೂ ಇರಬಹುದು, ಅದು ಬೇರೆ ಕಥೆ.) ಹೊಳೆ ದಂಡೆಯಲ್ಲೇ ಹುಟ್ಟಿದ ನಾವು ಮಕ್ಕಳನ್ನ ನೀರಾಡಿಸೋಕೆ ಟಿಕೆಟ್ ತಗೊಂಡು ವಾಟರ್ ಪಾರ್ಕಿಗೆ ಹೋಗ್ತೀವಿ.

ದುಡ್ಡಿಲ್ಲ ಅಂತೀರಾ? ಹಕ್ಕಿಗಳಿಂದ ದೂರ, ಊರ ಕಡೆಯ ದಂಡೆಗೆ ಎರಡು ಕೋಣೆ, ಒಳಗಿನಿಂದ ಹಾಕೋ ಚಿಲಕ, ಒಂದು ನೀರಿನ ಟ್ಯಾಂಕು, ಗುಡಿಸೋಕೆ ಪಗಾರ ಕೊಟ್ಟು ಒಬ್ಬರು. ಜೊತೆಗೆ ಗಾಜಿನ ಬಾಟಲಿ ತಂದವರಿಗೆ ದಂಡ. ನಾನು ಕೇಳ್ತಿರೋದು ಇಷ್ಟೇ, ಇದಕ್ಕೆ ರೆಸಾರ್ಟ್ ಬೇಕಿಲ್ಲ.

ನಾವು ಬ್ಲಾಗಿಗರೇನು ಕಮ್ಮಿ? ಸ್ವರ್ಗ, ಮುತ್ತಿನ ಹನಿ, ಕರ್ನಾಟಕದ ನಯಾಗರಾ ಅಂತೆಲ್ಲ ಬರೀತೀವಿ. 171 ಅಡಿ ಎತ್ತರ ಅಂತ ಲೆಕ್ಕ ಕೊಡ್ತೀವಿ. ಜೊತೆಗೆ ಬಂದ ಹೆಂಗಸರು ಎಲ್ಲಿ ಹೋದ್ರು, ಬಟ್ಟೆ ಎಲ್ಲಿ ಬದಲಿಸಿದ್ರು ಅಂತ ಒಂದು ಸಾಲಿರಲ್ಲ. ನಾನೂ ಫಸ್ಟ್ ಇಯರ್ ಇದ್ದಾಗ "ನಮ್ಮೂರು ಸ್ವರ್ಗ" ಅಂತ ಎರಡು ಪುಟ ಕೊರೆದಿದ್ದೆ. ನಿನ್ನೆ ಅದನ್ನ ತೆಗೆದು ಮೇಲೆ ಒಂದು ಸಾಲು ಸೇರಿಸಿದೀನಿ: ನಾವು ಹೋದ ದಂಡೆಯಲ್ಲಿ ಶೌಚಾಲಯ ಇರಲಿಲ್ಲ, ಬರೋರು ಮೊದಲು ನಮ್ಮನೆಗೆ ಬರ್ರಿ. ನಿಮ್ಮ ಹಳೇ ಪ್ರವಾಸದ ಪೋಸ್ಟುಗಳಿಗೂ ಆ ಸಾಲು ಸೇರಿಸ್ತೀರಾ? ಸೇರಿಸಿದವರು ಕೆಳಗೆ ಕೊಂಡಿ ಹಾಕಿ, ಓದ್ತೀನಿ.